ಅರವತ್ತೈದು ಇಂಚಿನ ಸೋದರಮಾವ

ಟಿವಿ ಕೊಳ್ಳುವುದು ಅಂಥಾ ದೊಡ್ಡ ಕೆಲಸವೇನಲ್ಲ. ಅಂಗಡಿಗೆ ಹೋಗಬೇಕು, ಒಂದನ್ನು ಬೆರಳು ಮಾಡಿ ತೋರಿಸಬೇಕು, ಮನೆಗೆ ತಂದು ಹಚ್ಚಬೇಕು, ನೋಡಬೇಕು. ಹೀಗೆಂದು ನಾನು ನನ್ನ ಹೆಂಡತಿ ಸುಲೋಚನಾಗೆ ಹೇಳಿದ್ದು ಒಂದು ಭಾನುವಾರ, ಚರ್ಚು ಮುಗಿಸಿ ಬೀದರಿನ ಚಿದ್ರಿಯ ನಮ್ಮ ಮನೆಗೆ ನಡೆದು ಬರುವಾಗ. ಆಗ ನನ್ನ ಸೊಂಟ ನೆಟ್ಟಗಿತ್ತು. ಮಾನವೂ ಬಹುಮಟ್ಟಿಗೆ ನೆಟ್ಟಗಿತ್ತು.

"ಇದ್ದ ಟಿವಿಗಿ ಏನಾಗ್ಯಾದ್ರಿ?" ಎಂದಳು.

"ಏನೂ ಆಗಿಲ್ಲ. ಆದ್ರ ಭಾಲ್ಕಿಯವರು ಬರ್ಲತ್ತಾರ. ಈ ಸಣ್ಣ ಡಬ್ಬಿ ನೋಡಿ ಹುಡುಗಿ ಕಡಿಯವರು ಎಷ್ಟರವರು ಅಂತ ತಿಳ್ಕೋತಾರ?"

"ಅವರು ಹುಡುಗಿ ನೋಡ್ಲಿಕ್ಕ ಬರ್ತಾರೋ, ಟಿವಿ ನೋಡ್ಲಿಕ್ಕ ಬರ್ತಾರೋ?"

ಸುಲೋಚನಾ ಸರಕಾರಿ ದವಾಖಾನೆಯಲ್ಲಿ ನರ್ಸ್. ಎಲ್ಲಿ ಚುಚ್ಚಿದರೆ ನೋಯುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತು. ನಾನು ಹೆಜ್ಜೆ ಜೋರು ಮಾಡಿದೆ.

ಸಂಗತಿ ಹೀಗಿತ್ತು. ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ನಮ್ಮ ಮಾರ್ಥಕ್ಕ ಇದ್ದಾಳೆ. ಭಾವ ತೀರಿಹೋಗಿ ಬಹಳ ದಿನವಾಯಿತು. ಅವಳ ಒಬ್ಬಳೇ ಮಗಳು ರೂಬಿ ಅದೇ ಊರಿನ ಸಾಲಿಯಲ್ಲಿ ಟೀಚರ್. ಬೀದರಿನಲ್ಲಿ ಬಿ.ಎಡ್. ಓದುವಾಗ ಪ್ರಭಾಕರ ಅಂತ ಭಾಲ್ಕಿಯ ಹುಡುಗ ಅವಳ ಜೊತೆಗೆ ಓದುತ್ತಿದ್ದ. ಈಗ ಅವನಿಗೆ ಔರಾದಿನಲ್ಲಿ ನೌಕರಿ. ಅವನು ಒಳ್ಳೆಯವ, ಇವಳು ಒಳ್ಳೆಯವಳು, ಇಬ್ಬರಿಗೂ ಮನಸ್ಸಿದೆ. ಅಡ್ಡಿ ಒಂದೇ. ಹುಡುಗನ ತಂದೆ ಯೋಹಾನ ಮಾಸ್ತರರು.

ಮಾಸ್ತರರು ಹುಡುಗಿಯನ್ನು ಬೇಡ ಎಂದಿರಲಿಲ್ಲ. "ಸೊಸಿ ಆದಾಕಿ ಭಾಲ್ಕಿ ಮನ್ಯಾಗ ಇರಬೇಕು, ಸಾಲಿ ಬಿಡಬೇಕು" ಎಂದಿದ್ದರು. ರೂಬಿ, "ಸಾಲಿ ಬಿಡಂಗಿಲ್ಲ" ಎಂದಿದ್ದಳು. ಪ್ರಭಾಕರ ಏನೂ ಅಂದಿರಲಿಲ್ಲ. ಪಾಪ, ಹೆಡ್ ಮಾಸ್ತರ್ ಮಗ. ಎಲ್ಲರೂ ಎದುರುಬದುರು ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬರುವುದು, ಕೂಡುವುದು ನಮ್ಮ ಮನೆಯಲ್ಲಿ ಅಂತ ಆಯಿತು. ತಂದೆಯಿಲ್ಲದ ಹುಡುಗಿಗೆ ಸೋದರಮಾವನೇ ತಂದೆ.

ರೂಬಿ ಫೋನಿನಲ್ಲಿ ನನಗೆ ಒಂದೇ ಮಾತು ಹೇಳಿದಳು. "ಮಾಮಾ, ಕೈ ಮುಗಿತೀನಿ. ನೀವು ಏನೂ ಮಾಡಬ್ಯಾಡ್ರಿ. ಸುಮ್ಮ ಕೂತು ಹೌದ್ರಿ, ಹೌದ್ರಿ ಅನ್ರಿ. ಅಷ್ಟಾ ಸಾಕು."

ಅಷ್ಟೇ ಸಾಕಂತೆ! ಹುಡುಗಿಯ ಬಾಳಿನ ಮಾತು ಬಗೆಹರಿಯುವ ಹೊತ್ತಿನಲ್ಲಿ ಸೋದರಮಾವನಾದವನು ಸುಮ್ಮನೆ ಕೂಡುವುದೆಂದರೇನು? ನಾನು ಎರಡು ಕೆಲಸ ಮಾಡಿದೆ. ಎರಡೂ ಬೇರೆ ಬೇರೆಯಾಗಿ ನೋಡಿದರೆ ತಪ್ಪಲ್ಲ. ಕೂಡಿದಾಗ ಬೆಂಕಿ ಹತ್ತಿತು.

ಮೊದಲನೆಯದು, ಟಿವಿ.

ಬೀದರಿನಲ್ಲಿ ನಾನು ಹೋದ ಅಂಗಡಿ ಒಂದು ಮದುವೆ ಹಾಲಿನಷ್ಟು ದೊಡ್ಡದಿತ್ತು. ಅಷ್ಟು ದೊಡ್ಡ ಜಾಗದಲ್ಲಿ ಎಲ್ಲ ಟಿವಿಗಳೂ ಸಣ್ಣವೇ ಕಂಡವು. ಅಂಗಡಿಯವನು "ನಿಮ್ಮ ಹಾಲ್ ಎಷ್ಟದ ಸರ್?" ಎಂದು ಕೇಳಿದ. "ಸಾಕಷ್ಟದ" ಎಂದೆ. ಅರವತ್ತೈದು ಇಂಚಿನದನ್ನು ತೋರಿಸಿದ. ನೋಡಿದರೆ ಅದೂ ಪಾಪ ಅನ್ನಿಸುವಷ್ಟು ಸಣ್ಣದು. ಇದಕ್ಕಿಂತ ದೊಡ್ಡದು ಇಲ್ಲವೇ ಎಂದು ಕೇಳಿದವನೂ ನಾನೇ. ದೇವರು ದೊಡ್ಡವನು, ಅವತ್ತು ಸ್ಟಾಕ್ ಇರಲಿಲ್ಲ.

ನಮ್ಮ ಓಣಿಯ ಮೆಹಬೂಬ್ ಭಾಯಿಯ ಟಂಟಂ ಆಟೊದಲ್ಲಿ ಅದನ್ನು ಹೇರಿಕೊಂಡು ಬಂದೆವು. ಡಬ್ಬದ ಒಂದು ತುದಿ ಟಂಟಂನಲ್ಲಿತ್ತು, ಇನ್ನೊಂದು ತುದಿ ನನ್ನ ಎದೆಯ ಮೇಲಿತ್ತು. ಮನೆಯ ಮುಂದೆ ಇಳಿಸಿ, ಒಮ್ಮೆ ಡಬ್ಬವನ್ನೂ ಒಮ್ಮೆ ನಮ್ಮ ಮನೆಯನ್ನೂ ನೋಡಿ ಮೆಹಬೂಬ್ ಭಾಯಿ ಕೇಳಿದ: "ಭಾಯ್‌ಸಾಬ್, ಟಿವಿ ಘರ್ ಮೇ ಜಾತಾ, ಯಾ ಘರ್ ಟಿವಿ ಮೇ?"

ಹೋಯಿತು. ಟಿವಿಯೇ ಮನೆಯೊಳಗೆ ಹೋಯಿತು. ಆದರೆ ಒಳಗೆ ಹೋದಮೇಲೆ ನಮ್ಮ ಹಾಲು ಹಾಲಾಗಿ ಉಳಿಯಲಿಲ್ಲ, ಬಸ್ಸಿನ ಸೀಟಿನ ಸಂದಿಯಾಯಿತು. ನಮ್ಮದು ಹಳೆಯ ಕೆಂಪುಕಲ್ಲಿನ ಗೋಡೆ. ಟಿವಿ ತೂಗುಹಾಕಲು ಬಂದವನು ಡ್ರಿಲ್ ಹಚ್ಚಿದ. ಕೆಂಪು ಪುಡಿ ಸುರಿಯಿತು. ಇನ್ನೊಂದು ಕಡೆ ಹಚ್ಚಿದ. ಅಲ್ಲೂ ಸುರಿಯಿತು. ಮೊಳೆ ಗೋಡೆಯೊಳಗೆ ಹೋಗಿ ಹಾಯಾಗಿ ತಿರುಗತೊಡಗಿತು. "ಸರ್, ಇನ್ನೊಂದು ತೂತು ಹೊಡದ್ರ ಬಾಜೂ ಮನಿ ಕಾಣ್ತದ" ಎಂದು ಹೇಳಿ ಅವನು ಡ್ರಿಲ್ ಸುತ್ತಿಕೊಂಡ.

ಕೊನೆಗೆ ನಮ್ಮ ಅಮ್ಮನ ಕಾಲದ ಉದ್ದನೆಯ ಸಂದೂಕಿನ ಮೇಲೆ ಟಿವಿಯನ್ನು ನಿಲ್ಲಿಸಿದೆವು. ಸಂದೂಕಿನೊಳಗೆ ಮನೆಯ ಕೌದಿಗಳೆಲ್ಲ ಇದ್ದವು. ನಿಲ್ಲಿಸಿದಮೇಲೆ ನೆನಪಾಯಿತು. ಚಳಿಗಾಲ ಹತ್ತಿರವೇ ಇತ್ತು. ಇಳಿಸಿ ತೆಗೆಯುವ ತ್ರಾಣ ಯಾರಲ್ಲೂ ಇರಲಿಲ್ಲ.

ವೈರು ಕಾಣಬಾರದು ಅಂತ ಪ್ಲಗ್ಗನ್ನು ಟಿವಿಯ ಹಿಂದೆಯೇ ಕೂಡಿಸಿದೆ. ನನ್ನ ಬುದ್ಧಿ! ಕರೆಂಟು ಹೋದರೂ ಟಿವಿ ಹೋಗಬಾರದು ಅಂತ ಇನ್ವರ್ಟರಿಗೆ ಜೋಡಿಸಿದೆ. ಅಷ್ಟು ಭಾರ ಅದು ತಾಳುವುದಿಲ್ಲ ಎಂದು ಕರೆಂಟಿನ ಕೆಲಸದವನು ಹೇಳಿದ್ದಕ್ಕೆ ಫ್ಯಾನನ್ನೂ ಲೈಟನ್ನೂ ಇನ್ವರ್ಟರಿನಿಂದ ತೆಗೆಸಿದೆ. ಇದೂ ನನ್ನದೇ ಬುದ್ಧಿ. ಕಿಟಕಿಯ ಬೆಳಕು ಬಿದ್ದರೆ ಚಿತ್ರ ಕಾಣುವುದಿಲ್ಲವೆಂದು ದಪ್ಪ ಪರದೆ ಬಿಟ್ಟೆ. ಮುಂಜಾನೆಯೂ ಸಂಜೆಯೂ ನಮ್ಮ ಮನೆಯಲ್ಲಿ ಒಂದೇ ಆದವು.

ಆಮೇಲೆ ಶುರುವಾಯಿತು ನೋಡಿ, ಆ ಟಿವಿಯೊಂದಿಗೆ ಸಂಸಾರ. ಸೋಫಾಕ್ಕೂ ಅದಕ್ಕೂ ನಡುವೆ ಕಾಲು ಚಾಚುವಷ್ಟೂ ಜಾಗವಿಲ್ಲ. ಎಡಗಡೆಯವನು ಮಾತಾಡಿದರೆ ಎಡಕ್ಕೆ ಕತ್ತು, ಬಲಗಡೆಯವಳು ಅತ್ತರೆ ಬಲಕ್ಕೆ ಕತ್ತು. ವಾರ್ತೆ ಓದುವಾಕೆಯ ಮುಖ ನನ್ನ ಮುಖದ ಮೂರು ಪಟ್ಟು. ಅವಳು ಗದರಿಸಿದರೆ ನನಗೇ ಗದರಿಸಿದಂತೆ ಎದ್ದು ಕೂಡುತ್ತಿದ್ದೆ. ಸುಲೋಚನಾ ದವಾಖಾನೆಯಿಂದ ದಣಿದು ಬಂದು ಕೂತರೆ ಕಥೆ ನೋಡುತ್ತಿರಲಿಲ್ಲ. "ಈಕಿ ಕೆನ್ನಿ ನೋಡ್ರಿ, ಚರ್ಮದ ಡಾಕ್ಟರಿಗಿ ತೋರಸ್ಬೇಕು. ಈ ಅಜ್ಜಗ ಕಣ್ಣಾಗ ಪೊರಿ ಬಂದದ" ಎಂದು ಪಾತ್ರಧಾರಿಗಳನ್ನು ತಪಾಸಣೆ ಮಾಡುತ್ತಿದ್ದಳು. ಡ್ಯೂಟಿ ಮುಗಿದೇ ಇರಲಿಲ್ಲ ಪಾಪ. ಮನೆಗೆ ಬಂದರೂ ವಾರ್ಡು!

ಇನ್ನು ಅದು ಸ್ಮಾರ್ಟ್ ಟಿವಿ. ಅಂದರೆ ಪ್ರಶ್ನೆ ಕೇಳುವ ಟಿವಿ. ನಿಮ್ಮ ಫೋನ್ ಜೋಡಿಸಲೇ? ಜಾಗ ತಿಳಿದುಕೊಳ್ಳಲೇ? ಫೋಟೊಗಳನ್ನು ನೋಡಲೇ? ನಾನು ಹಿರಿಯರ ಕೈಯಲ್ಲಿ ಬೆಳೆದವನು. ಮನೆಗೆ ಬಂದವರು ಏನಾದರೂ ಕೇಳಿದರೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲದಕ್ಕೂ ಹೌದು ಎಂದು ಒತ್ತಿದೆ. ಆರಿಸಿದ ಫೋಟೊಗಳೋ, ಎಲ್ಲ ಫೋಟೊಗಳೋ ಎಂದು ಕೊನೆಗೆ ಕೇಳಿತು. ಬಂದವರಿಗೆ ಆರಿಸಿ ಆರಿಸಿ ಬಡಿಸುವುದೇ? ಎಲ್ಲ ಎಂದೆ.

ಅಂದಿನಿಂದ ಟಿವಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಸಾಕು, ನನ್ನ ಫೋನಿನ ಫೋಟೊಗಳು ಒಂದಾದಮೇಲೊಂದು ತೆರೆಯ ತುಂಬ ಬರತೊಡಗಿದವು. ಮೊದಲು ಬಂದದ್ದು ಸುಲೋಚನಾ, ಕ್ರಿಸ್ಮಸ್ ಸೀರೆಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ. ಅವಳು ಚಹಾ ಕಪ್ಪು ಹಿಡಿದು ಹಾಗೇ ನಿಂತುಬಿಟ್ಟಳು.

"ನಾ ಇಷ್ಟು ಛಂದ ಅದೀನೇನ್ರಿ?"

"ಟಿವಿ ಛಂದ ಅದ" ಎಂದೆ.

ಅವತ್ತು ರೊಟ್ಟಿಯ ಜೊತೆ ಪಲ್ಯ ಬರಲಿಲ್ಲ.

ಎರಡನೆಯ ಕೆಲಸ, ಭಾಲ್ಕಿ ಪ್ರವಾಸ. ನಮ್ಮ ಕಡೆ ಹಿಂದಿನಿಂದ ಬಂದ ಒಂದು ಪದ್ಧತಿ ಇದೆ. ಹೆಣ್ಣು ಕೊಡುವ ಮೊದಲು ಸೋದರಮಾವ ಯಾರಿಗೂ ಹೇಳದೆ ಗಂಡಿನ ಊರಿಗೆ ಹೋಗಿ ಮನೆತನ ನೋಡಿ ಬರಬೇಕು. ಮನೆಯ ಮುಂದೆ ಹಾದು ಹೋಗಬೇಕು, ಬಾಜೂಕಿನ ಚಹಾದಂಗಡಿಯಲ್ಲಿ ಕೂಡಬೇಕು, ಅಂಗಳ ಗುಡಿಸಿದೆಯೋ ಇಲ್ಲವೋ, ಗಂಡಸು ಹೆಂಡತಿಯನ್ನು ಹೇಗೆ ಕೂಗುತ್ತಾನೆ, ಎಲ್ಲ ನೋಡಬೇಕು. ನಮ್ಮ ಅಜ್ಜ, ಮುತ್ಯಾ, ಬರೀ ಎರಡು ಕಣ್ಣು ತೆಗೆದುಕೊಂಡು ಹೋಗುತ್ತಿದ್ದ. ನಾನು ಫೋನನ್ನೂ ತೆಗೆದುಕೊಂಡು ಹೋದೆ.

ಮಾಸ್ತರರು ನನ್ನ ಮುಖ ನೋಡಿದವರಲ್ಲ. ಅವರ ಫೋಟೊ ನನ್ನಲ್ಲಿತ್ತು. ಅವರ ಮನೆಯ ನೀಲಿ ಗೇಟು, ಅಂಗಳ, ಒಣಹಾಕಿದ ಬಟ್ಟೆ, ಎಲ್ಲ ಬೇವಿನ ಗಿಡದ ಮರೆಯಿಂದ ಹೊಡೆದುಕೊಂಡೆ. ತಿರುಗಿ ಬಸ್ ಸ್ಟ್ಯಾಂಡಿಗೆ ಬಂದರೆ ಅಲ್ಲಿನ ಹೋಟೆಲಿನಲ್ಲಿ ಸಾಕ್ಷಾತ್ ಮಾಸ್ತರರೇ! ಒಬ್ಬರೇ ಮೂಲೆಯಲ್ಲಿ ಕೂತು ಶಾಂತವಾಗಿ ತಿನ್ನುತ್ತಿದ್ದರು. ಮನುಷ್ಯನ ಗುಣ ತಿನ್ನುವಾಗ ಗೊತ್ತಾಗುತ್ತದೆ ಎಂದು ಮುತ್ಯಾ ಹೇಳುತ್ತಿದ್ದ. ಎರಡು ಫೋಟೊ ಹೊಡೆದೆ. ಅಕ್ಕನಿಗೆ ಫೋನು ಮಾಡಿ ವರದಿ ಒಪ್ಪಿಸಿದೆ: "ಸಾವಕಾಶ ತಿಂತಾರ. ಪ್ಲೇಟಿನಾಗ ಏನೂ ಬಿಡಂಗಿಲ್ಲ. ಒಳ್ಳೆ ಮನಷಾ ಅದಾರ."

ಹೀಗೆ ಎರಡೂ ಕೆಲಸ ಮುಗಿಸಿ, ಸೊಂಟಕ್ಕೆ ಮುಲಾಮು ಹಚ್ಚಿಕೊಂಡು, ಆ ದಿನಕ್ಕೆ ಕಾದು ಕೂತೆ.

ಬಂದರು. ಮಾಸ್ತರರು, ಅವರ ಮನೆಯವರು ಶಾಂತಾಬಾಯಿ, ಹಿಂದೆ ಪ್ರಭಾಕರ. ಚಿಂತಾಕಿಯಿಂದ ಮಾರ್ಥಕ್ಕ, ರೂಬಿ ಮುಂಜಾನೆಯೇ ಬಂದಿದ್ದರು. ಶಾಂತಾಬಾಯಿಯವರನ್ನು ಸೋಫಾದ ನಡುವೆ, ಟಿವಿಗೆ ಸರಿಯಾಗಿ ಎದುರು, ಮಾನದ ಜಾಗದಲ್ಲಿ ಕೂಡಿಸಿದೆ. ಟಿವಿಯಲ್ಲಿ ಒಂದು ಜಲಪಾತ ಹಚ್ಚಿಟ್ಟಿದ್ದೆ. ಹನಿ ಹನಿ ಎಣಿಸುವಷ್ಟು ಸ್ಪಷ್ಟ.

ಮಾಸ್ತರರು ಅದನ್ನು ಮೇಲಿಂದ ಕೆಳಗೆ ನೋಡಿದರು. ಉತ್ತರ ಪತ್ರಿಕೆ ನೋಡುವ ನೋಟ.

"ಭಾಳ ದೊಡ್ಡದದ. ಯಾತಕ್ಕ?"

"ನೋಡ್ಲಿಕ್ಕ್ರಿ."

"ಸಣ್ಣದ್ರಾಗ ಕಾಣಂಗಿಲ್ಲೇನು?"

ಇಂಥದೇ ಪ್ರಶ್ನೆಯನ್ನು ಸುಲೋಚನಾ ಮೊದಲೇ ಕೇಳಿದ್ದಳು. "ಹೌದ್ರಿ" ಎಂದೆ. ರೂಬಿ ಅಡಿಗೆಮನೆ ಬಾಗಿಲಲ್ಲಿ ನಿಂತು ನನಗೆ ಕಣ್ಣಲ್ಲೇ ಶಾಭಾಸ್ ಹೇಳಿದಳು.

"ಬಂದ್ ಮಾಡ್ರಿ ಅದು. ಪ್ರಾರ್ಥನಿ ಮಾಡಿ ಮಾತು ಚಾಲೂ ಮಾಡೋಣ" ಎಂದರು ಮಾಸ್ತರರು.

ಪೂರ್ತಿ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವಷ್ಟರಲ್ಲಿ ಎರಡು ಚಹಾ ಆಗುತ್ತವೆ. ಪ್ರಾರ್ಥನೆಯ ನಂತರ ಇನ್ನೊಮ್ಮೆ ತೋರಿಸುವ ಆಸೆ ನನಗಿತ್ತು. ಅದಕ್ಕೇ ಜಲಪಾತವನ್ನು ಇದ್ದಲ್ಲೇ ನಿಲ್ಲಿಸಿ, ರಿಮೋಟನ್ನು ಸೋಫಾದ ಮೇಲಿಟ್ಟು, ಕೈ ಜೋಡಿಸಿ ತಲೆ ಬಾಗಿಸಿದೆ. ಅಷ್ಟೇ ನಾನು ಮಾಡಿದ್ದು.

ಯೋಹಾನ ಮಾಸ್ತರರ ಪ್ರಾರ್ಥನೆ ಎಂದರೆ ಭಾಲ್ಕಿಯಿಂದ ಔರಾದಿನವರೆಗೆ ಹೆಸರುವಾಸಿ. ಸೃಷ್ಟಿಯಿಂದ ಶುರುಮಾಡಿ ಎಲ್ಲ ರಾಜ್ಯಗಳನ್ನೂ, ರೋಗಿಗಳನ್ನೂ, ಪ್ರಯಾಣಿಕರನ್ನೂ ಮುಟ್ಟಿಕೊಂಡು ನಿಧಾನಕ್ಕೆ ನಮ್ಮ ಮನೆಗೆ ಬರುತ್ತದೆ. ಅವರಿನ್ನೂ ಸಮುದ್ರದ ಮೀನುಗಳ ಹತ್ತಿರ ಇದ್ದಾಗ ನನ್ನ ಮುಚ್ಚಿದ ರೆಪ್ಪೆಯ ಮೇಲೆ ಬೆಳಕು ಬದಲಾಯಿತು. ಒಂದು ಕಣ್ಣು ತೆರೆದೆ.

ತೆರೆಯ ಮೇಲೆ ಸುಲೋಚನಾ, ಕ್ರಿಸ್ಮಸ್ ಸೀರೆಯಲ್ಲಿ.

ಇರಲಿ, ಒಳ್ಳೆಯದೇ ಎಂದುಕೊಂಡೆ. ಮುಂದಿನದು, ಹಲ್ಲುನೋವಿನಿಂದ ಊದಿದ ನನ್ನ ದವಡೆ, ಗೋಡೆಯಷ್ಟು ಅಗಲ. ಅದೂ ಇರಲಿ. ಅದರ ಮುಂದಿನದು, ಸೂಟು ಹಾಕಿಕೊಂಡ ಒಬ್ಬ ಯುವಕ. ಇನ್ನೊಂದು ಕಣ್ಣೂ ತೆರೆದೆ.

ಹೇಳಲೇಬೇಕು. ರೂಬಿಗೆ ಪ್ರಭಾಕರ ಗೊತ್ತಾಗುವ ಮೊದಲು ನಾನು ಅವಳಿಗಾಗಿ ನಾಲ್ಕೂ ದಿಕ್ಕಿನಿಂದ ವರಗಳ ಫೋಟೊ ತರಿಸಿದ್ದೆ. ಎಲ್ಲ ಫೋನಿನಲ್ಲೇ ಇದ್ದವು. ಈಗ ಒಬ್ಬೊಬ್ಬರೇ ಬರತೊಡಗಿದರು. ಒಬ್ಬ ಯಾರದೋ ಕಾರಿಗೆ ಒರಗಿದ್ದ. ಇನ್ನೊಬ್ಬ ಕಪ್ಪು ಕನ್ನಡಕ ಹಾಕಿ ಆಕಾಶ ನೋಡುತ್ತಿದ್ದ. ಎದುರಿಗೆ ಇವತ್ತಿನ ವರ ಕಣ್ಣು ಮುಚ್ಚಿ ಭಕ್ತಿಯಿಂದ ಕೂತಿದ್ದ!

ರಿಮೋಟಿಗೆ ಕೈ ಹಾಕಿದೆ. ಇಟ್ಟ ಜಾಗದಲ್ಲಿ ಇಲ್ಲ. ಶಾಂತಾಬಾಯಿಯವರು ಪ್ರಾರ್ಥನೆಗೆಂದು ಸರಿಯಾಗಿ ಕೂಡಲು ಸರಿದವರು ಅದರ ಮೇಲೆಯೇ ಕೂತಿದ್ದರು. ಅರ್ಧ ರಿಮೋಟು ಸೆರಗಿನ ಅಡಿ ಕಾಣುತ್ತಿತ್ತು. ಬೀಗತಿಯಾಗಬೇಕಾದ ಹೆಣ್ಣುಮಗಳಿಗೆ, ಅದೂ ಪ್ರಾರ್ಥನೆಯ ನಡುವೆ, "ಜರಾ ಏಳ್ರಿ" ಎನ್ನುವುದು ಯಾವ ಬಾಯಿಂದ? ಪ್ಲಗ್ಗು ಕೀಳೋಣವೆಂದರೆ ಟಿವಿಯ ಹಿಂದೆ. ಟಿವಿ ಸರಿಸಬೇಕಾದರೆ ನಾಲ್ಕು ಮಂದಿ ಬೇಕು.

ಮೆಲ್ಲಗೆ ಎದ್ದು ಟಿವಿಯ ಮುಂದೆ ಎರಡೂ ಕೈ ಅಗಲಿಸಿ ನಿಂತೆ. ಒಬ್ಬ ವರನ ಟೈ ಮಾತ್ರ ಮುಚ್ಚಿತು. ಅವನ ಮುಖ ನನ್ನ ತಲೆಯ ಮೇಲೆ ನಗುತ್ತಿತ್ತು. ಇಷ್ಟು ದೊಡ್ಡದು ಯಾಕೆ ತಂದೆ ಎಂದು ಆ ಗಳಿಗೆಯಲ್ಲಿ ನನಗೆ ಮೊದಲ ಸಲ ಅನ್ನಿಸಿತು. ಬಾಗಿಲಲ್ಲಿ ರೂಬಿ ಟ್ರೇ ಹಿಡಿದು ನಿಂತಿದ್ದಳು. ಅವಳ ಕಣ್ಣೂ ತೆರೆದೇ ಇತ್ತು. ಟ್ರೇಯಲ್ಲಿದ್ದ ಕಪ್ಪುಗಳು ತಾವಾಗಿಯೇ ಮಾತಾಡುತ್ತಿದ್ದವು.

ಮಾಸ್ತರರು ಈಗ ನಮ್ಮ ಮನೆಗೆ ಬಂದಿದ್ದರು. "ತಂದೆಯೇ, ಈ ಎರಡು ಕುಟುಂಬಗಳ ನಡುವೆ ಮುಚ್ಚುಮರೆ ಇರದಿರಲಿ. ಗುಪ್ತವಾದುದೆಲ್ಲ ಬೆಳಕಿಗೆ ಬರಲಿ..."

ಬೆಳಕಿಗೆ ಬಂತು. ಭಾಲ್ಕಿಯ ನೀಲಿ ಗೇಟು. ಬೇವಿನ ಎಲೆ ಸಹಿತ.

ಮೂರೂ ಹೊತ್ತು ಪ್ರಾರ್ಥನೆ ಮಾಡುವ ಮನೆಯಲ್ಲಿ ಬೆಳೆದವನು ನಾನು. ಪ್ರಾರ್ಥನೆ ಬೇಗ ಮುಗಿಯಲಿ ಎಂದು ಚಿಕ್ಕಂದಿನಲ್ಲಿ ಎಷ್ಟೋ ಸಲ ಬೇಡಿಕೊಂಡಿದ್ದೇನೆ. ಮುಗಿಯಲೇಬಾರದು ಎಂದು ಬೇಡಿಕೊಂಡದ್ದು ಅವತ್ತೊಂದೇ ದಿನ.

ಸುಲೋಚನಾಗೂ ಅನುಮಾನ ಬಂದು ಕಣ್ಣು ತೆರೆದಳು. ನರ್ಸು ನೋಡಿ, ಗಾಬರಿಯಾಗುವವಳಲ್ಲ. ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿದಳು. ಲೈಟು ಹೋಯಿತು. ಫ್ಯಾನು ನಿಂತಿತು. ಪರದೆ ಬಿಟ್ಟ ಹಾಲು ಕತ್ತಲಾಯಿತು. ಟಿವಿ? ಅದು ನನ್ನ ಬುದ್ಧಿಯ ಫಲವಾಗಿ ಇನ್ವರ್ಟರಿನ ಮೇಲೆ ಇತ್ತಲ್ಲ! ಕತ್ತಲಲ್ಲಿ ಇನ್ನೂ ಝಗಮಗ ಬೆಳಗಿತು. ಇಡೀ ಮನೆಯಲ್ಲಿ ಈಗ ನೋಡಲು ಅದೊಂದೇ ಇತ್ತು.

ಗಾಳಿ ನಿಂತದ್ದಕ್ಕೆ ಶಾಂತಾಬಾಯಿಯವರು ಕಣ್ಣು ತೆರೆದರು.

ಸರಿಯಾಗಿ ಆ ಹೊತ್ತಿಗೇ ಫೋಟೊ ಬದಲಾಯಿತು. ಹೋಟೆಲು. ಮೂಲೆಯ ಟೇಬಲ್ಲು. ಯೋಹಾನ ಮಾಸ್ತರರು, ಮನುಷ್ಯನ ಎರಡರಷ್ಟು ಗಾತ್ರ. ಬಾಯಿ ತೆರೆದಿದೆ. ಕೈಯಲ್ಲಿ ಜಿಲೇಬಿ. ಪಾಕ ಬೆರಳಿನಿಂದ ಮಣಿಕಟ್ಟಿಗೆ ಇಳಿಯುತ್ತಿದೆ. ಹನಿ ಹನಿ ಎಣಿಸುವಷ್ಟು ಸ್ಪಷ್ಟ.

"ಆಮೆನ್ ಅನ್ರಿ" ಎಂದರು ಶಾಂತಾಬಾಯಿಯವರು ಮೆಲ್ಲಗೆ.

"...ಮತ್ತು ಈ ಹುಡುಗಿಗೆ ವಿಧೇಯತೆಯ ಮನಸ್ಸನ್ನು..."

"ಆಮೆನ್ ಅನ್ರಿ ಅಂದೆ!"

ಮಾಸ್ತರರು ಕಣ್ಣು ತೆರೆದರು. ತಮ್ಮನ್ನು ತಾವು ನೋಡಿದರು. ಬಾಯಿ ಫೋಟೊದಲ್ಲಿದ್ದಂತೆಯೇ ತೆರೆಯಿತು.

"ಇದು... ಇದು ನಾ ಅಲ್ಲ."

"ಸ್ವೆಟರ್ ನಾ ಹೆಣದದ್ದದ" ಎಂದರು ಶಾಂತಾಬಾಯಿ.

ಟಿವಿ ಮುಂದಿನ ಫೋಟೊಗೆ ಹೋಯಿತು. ಅದೇ ಟೇಬಲ್ಲು. ಮತ್ತೆ ತುಂಬಿದ ಪ್ಲೇಟು.

"ಇದು ಎರಡನೇದು" ಎಂದು ಅವರೇ ವಿವರಣೆ ಕೊಟ್ಟರು. "ಶುಗರ್ ಅದ ಅಂತ ನಾ ಸಕ್ಕರಿ ಇಲ್ದ ಚಹಾ ಕೊಟ್ಟೆ. ಅನ್ನ ಕಮ್ಮಿ ಮಾಡ್ದೆ. ನನಗೂ ಸಕ್ಕರಿ ಬಿಟ್ಟೆ, ಜೊತಿಗಿ ಇರ್ಲಿ ಅಂತ! ಶುಗರ್ ಯಾಕ ಇಳಿವಲ್ದು ಅಂತ ಡಾಕ್ಟರಿಗಿ ಬೈದು ಬಂದೀನಿ. ಸಂಜಿ ವಾಕಿಂಗ್, ವಾಕಿಂಗ್ ಅಂದ್ರ ಇದೇನು?"

ಇಷ್ಟು ಹೊತ್ತೂ ಭಕ್ತಿಯಿಂದ ಕಣ್ಣು ಮುಚ್ಚಿದ್ದ ನಮ್ಮ ಮಾರ್ಥಕ್ಕ ಆಗ ಗಟ್ಟಿಯಾಗಿ "ಆಮೆನ್!" ಎಂದು ಕಣ್ಣು ತೆರೆದಳು. ಗೋಡೆಯಷ್ಟು ದೊಡ್ಡ ಬಾಯಿ ನೋಡಿ ನನ್ನ ತೋಳು ಹಿಡಿದಳು. "ಯಾರೋ ಇವರು, ತಮ್ಮಾ?"

ಮಾಸ್ತರರು ನನ್ನ ಕಡೆ ತಿರುಗಿದರು. ಸೋತ ಮನುಷ್ಯನಿಗೆ ಸಿಟ್ಟು ಹಾಕಲು ಒಂದು ಜಾಗ ಬೇಕು. ನಾನು ಇನ್ನೂ ಎರಡೂ ಕೈ ಅಗಲಿಸಿಯೇ ನಿಂತಿದ್ದೆ.

"ನೀವು ನಮ್ಮ ಮನಿಗಿ ಕಳ್ಳರಂಗ ಬಂದು ಫೋಟೊ ಹೊಡ್ಕೊಂಡು ಹೋಗೀರಿ?"

"ಹೌದ್ರಿ" ಎಂದೆ. ರೂಬಿ ಹೇಳಿಕೊಟ್ಟ ಮಾತು ಅದೊಂದೇ.

"ಪ್ರಭಾಕರ, ಏಳು. ಇಂಥಾ ಮನಿತನ ನಮಗ ಬ್ಯಾಡ."

ಪ್ರಭಾಕರ ಅರ್ಧ ಎದ್ದ. ಮಾರ್ಥಕ್ಕ ಸೆರಗು ಬಾಯಿಗೆ ಒತ್ತಿದಳು. ಒಂದು ಟಿವಿಗೋಸ್ಕರ, ನನ್ನ ಒಂದು ಜಂಭಕ್ಕೋಸ್ಕರ, ಆ ಹುಡುಗಿಯ ಕೈಗೆ ಬಂದದ್ದು ಜಾರಿ ಹೋಗುತ್ತಿತ್ತು.

ರೂಬಿ ಟ್ರೇ ಕೆಳಗಿಟ್ಟು ಮುಂದೆ ಬಂದಳು.

"ಸರ್, ಮಾಮಾ ಮಾಡಿದ್ದು ತಪ್ಪದ. ನಾ ಒಪ್ಕೋತೀನಿ. ಆದ್ರ ಅಪ್ಪ ಇಲ್ದ ಹುಡುಗಿಗಿ ಗಂಡಿನ ಮನಿ ನೋಡಿ ಬರ್ಲಿಕ್ಕ ಮತ್ತ ಯಾರು ಹೋಗ್ಬೇಕ್ರಿ?"

ಅಷ್ಟೇ ಹೇಳಿದಳು. ಅಳಲಿಲ್ಲ. ಪ್ರಭಾಕರ ಅರ್ಧ ಎದ್ದವನು ಹಾಗೇ ಕೂತ. "ಅಪ್ಪಾ, ನಾ ಬರಂಗಿಲ್ಲ" ಎಂದ. ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು. ಅವನೂ ಆ ಮಾತನ್ನು ಮೊದಲ ಸಲ ಆಡುತ್ತಿದ್ದ ಅಂತ ಕಾಣುತ್ತದೆ, ಆಡಿದಮೇಲೆ ಅವನೇ ಬೆದರಿದ.

ಶಾಂತಾಬಾಯಿಯವರು ಗಂಡನ ಕಡೆ ನೋಡಲೂ ಇಲ್ಲ. "ನೀವು ಹೋಗೂದಾದ್ರ ಒಬ್ರೇ ಹೋಗ್ರಿ. ದಾರ್ಯಾಗ ಹೋಟೆಲ್ ಅದಾವ."

ಮಾಸ್ತರರು ಕೂತರು.

ಸುಲೋಚನಾ ಮೇನ್ ಸ್ವಿಚ್ ಏರಿಸಿದಳು. ಫ್ಯಾನು ತಿರುಗಿತು. ಚಹಾ ಬಂತು. ಯಾರೂ ಹೇಳದಿದ್ದರೂ ಮಾಸ್ತರರ ಕಪ್ಪಿಗೆ ಸಕ್ಕರೆ ಹಾಕಿರಲಿಲ್ಲ. ಎರಡು ಗುಟುಕು ಕುಡಿದು, ಸ್ವಲ್ಪ ಧೈರ್ಯ ತಂದುಕೊಂಡು, ಅವರು ಗಂಟಲು ಸರಿಮಾಡಿಕೊಂಡರು.

"ಆಯ್ತು. ಆದ್ರ ಸಾಲಿ ಬಿಡೂ ಮಾತು ಒಂದು..."

"ಯಾಕ ಬಿಡ್ಬೇಕು?" ಎಂದರು ಶಾಂತಾಬಾಯಿ. "ಮನ್ಯಾಗ ಕೂತು ಏನು ಮಾಡ್ಬೇಕು ಆಕಿ? ನಾ ಜೀವ ಪೂರಾ ಮನ್ಯಾಗೇ ಇದ್ದೆ. ಒಬ್ಬ ಗಂಡಸಿಗಿ ಕಾಯ್ಲಿಕ್ಕ ಆಯ್ತೇನು ನನ್ನ ಕೈಲೆ? ಔರಾದಿನಾಗ ಮನಿ ಮಾಡ್ಲಿ. ಇಬ್ರೂ ದುಡೀಲಿ. ನಿಮಗ ಕಾಯ್ಲಿಕ್ಕ ನಾ ಒಬ್ಬಾಕೆ ಸಾಕು. ಇನ್ನ ಮ್ಯಾಲ ವಾಕಿಂಗಿಗಿ ನಾನೂ ಬರ್ತೇನಿ."

ಮಾಸ್ತರರು ಆಗಲಿ ಎಂದು ತಲೆಯಾಡಿಸಿದರು. ಟಿವಿಯಲ್ಲಿ ಫೋಟೊಗಳು ಇನ್ನೂ ತಿರುಗುತ್ತಿದ್ದವು. ಮತ್ತೆ ತಮ್ಮ ಸರದಿ ಬರುವ ಮೊದಲು ಮಾತು ಮುಗಿಸಿ ಹೊರಡುವ ಅವಸರ ಅವರ ಮುಖದಲ್ಲಿ ಕಾಣುತ್ತಿತ್ತು. ಹೀಗಾಗಿ ಚೌಕಾಶಿ ಇಲ್ಲ, ಜಗ್ಗಾಟ ಇಲ್ಲ. ನಮ್ಮ ವಂಶದಲ್ಲೇ ಇಷ್ಟು ಬೇಗ ಒಂದು ಸಂಬಂಧ ಕೂಡಿಬಂದದ್ದಿಲ್ಲ!

ಏಳುವಾಗ ಶಾಂತಾಬಾಯಿಯವರು ಸೆರಗಿನಡಿಯಿಂದ ರಿಮೋಟು ತೆಗೆದು ನನ್ನ ಕೈಗಿಟ್ಟರು. "ಆಗಿಂದ ಚುಚ್ಚಲತ್ತಿತ್ರಿ ಅಣ್ಣಾ ಇದು. ಮಂದಿ ಮನಿ, ಹ್ಯಾಂಗ ಹೇಳ್ಬೇಕು ಅಂತ ಸುಮ್ಮ ಕೂತೆ."

ಅವರಿಗೂ ಸಂಕೋಚ, ನನಗೂ ಸಂಕೋಚ. ಮರ್ಯಾದಸ್ಥರ ನಡುವೆ ಹೀಗೆಲ್ಲ ಆಗುತ್ತದೆ.

ರೂಬಿ ಹೊರಡುವಾಗ ನನ್ನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರಿತ್ತು. ಹೊಗಳುತ್ತಾಳೆ ಅಂತ ನಾನೂ ಕಣ್ಣು ತುಂಬಿಕೊಂಡು ತಯಾರಾದೆ.

"ಮಾಮಾ, ಮದ್ವಿ ಆಗೋತನಕ ಇನ್ನ ಏನೂ ಮಾಡಬ್ಯಾಡ್ರಿ."

ಸುಲೋಚನಾ ಅಂದೇ ಟಿವಿಯ ಮೇಲೆ ಬಿಳಿ ಚಾದರ ಹೊದಿಸಿದಳು. ಕೊಟ್ಟು ಕಳಿಸೋಣವೆಂದರೆ ಅಂಗಡಿಯವನು ತಿರುಗಿ ತೆಗೆದುಕೊಳ್ಳುವುದಿಲ್ಲ. ಇಡೋಣವೆಂದರೆ ಬೇರೆ ಜಾಗವಿಲ್ಲ. ಹಾಲಿಗೆ ಬಂದವರೆಲ್ಲ ಅದನ್ನು ನೋಡಿ ದನಿ ತಗ್ಗಿಸಿ, "ಯಾವಾಗ ಆಯ್ತ್ರಿ?" ಎಂದು ಕೇಳುತ್ತಾರೆ. ನಾನು ಸೋಫಾದಲ್ಲಿ ಕೂತು, ಕಾಲು ಮಡಚಿಕೊಂಡು, ಸಂಜೆಯೆಲ್ಲ ಆ ಚಾದರ ನೋಡುತ್ತೇನೆ. ಒಂದು ರೀತಿ ನೆಮ್ಮದಿಯೇ. ಕತ್ತು ಆ ಕಡೆ ಈ ಕಡೆ ತಿರುಗಿಸುವ ಕೆಲಸವಿಲ್ಲ.

ಮೊನ್ನೆ ಮದುವೆಯ ಸೀರೆ ಕೊಟ್ಟು ಬರಲು ಭಾಲ್ಕಿಗೆ ಹೋಗಬೇಕಾಯಿತು. ಸುದ್ದಿ ನನಗಿಂತ ಮೊದಲೇ ಹೋಗಿ ಊರೆಲ್ಲ ತಿರುಗಿ ಬಂದಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಬಸ್ಸಿನ ಧಕ್ಕೆಗೆ ಮೈಯೆಲ್ಲ ನೊಂದಿತ್ತು. ಅದೇ ಹೋಟೆಲು. ಅದೇ ಮೂಲೆ. ಒಳಗೆ ಕಾಲಿಟ್ಟದ್ದೇ ತಡ, ವಯಸ್ಸಾದ ನಾಲ್ಕಾರು ಗಂಡಸರು ತಮ್ಮ ಪ್ಲೇಟುಗಳ ಮೇಲೆ ಪೇಪರು ಮುಚ್ಚಿ ಗೋಡೆ ಕಡೆ ತಿರುಗಿದರು. ಗಲ್ಲೆಯ ಮೇಲಿದ್ದವನು ಕೈ ಮುಗಿದ. "ಸಾಹೇಬ್ರ, ಫೋನ್ ಕಿಸೆದಾಗ ಇಡ್ರಿ. ಗಿರಾಕಿ ಎದ್ದು ಹೋಗ್ತಾರ."

ನಾನು ಕೂತು ಒಂದು ಪ್ಲೇಟು ಜಿಲೇಬಿ ಹೇಳಿದೆ. ನಾನೂ ಮನುಷ್ಯನಲ್ಲವೇ? ಬಿಸಿಬಿಸಿ ಬಂತು. ಒಂದನ್ನು ಎತ್ತಿ ಬಾಯಿ ತೆರೆದೆ. ಕಟಕ್ ಎಂದಿತು. ತಲೆಯೆತ್ತಿದರೆ ಹೋಟೆಲಿನಲ್ಲಿ ಇದ್ದವರೆಲ್ಲ ಫೋನು ಎತ್ತಿ ಹಿಡಿದಿದ್ದರು. ಗಲ್ಲೆಯವನೂ!

ಸುಲೋಚನಾ ಕಳೆದ ವಾರವಷ್ಟೇ ನನ್ನ ರಕ್ತ ತಪಾಸಣೆ ಮಾಡಿಸಿ, ಸಿಹಿ ಬಂದ್ ಎಂದು ಹೇಳಿದ್ದಳು. ಜಿಲೇಬಿಯನ್ನು ಮೆಲ್ಲಗೆ ಪ್ಲೇಟಿಗೆ ಇಳಿಸಿ, ಎದೆ ಸೆಟೆಸಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ, "ತಮ್ಮಾ, ನನಗ ಸಕ್ಕರಿ ಇಲ್ದ ಒಂದು ಚಹಾ ಕೊಡಪ್ಪಾ!" ಎಂದೆ.

ಫೋಟೊದಲ್ಲಿ ದನಿ ಬರುವುದಿಲ್ಲ ಎಂಬುದು ತಿರುಗಿ ಬಸ್ಸು ಹತ್ತಿದಮೇಲೆ ಹೊಳೆಯಿತು.